ಒಂದೇ ಅಡುಗೆಮನೆ, ಎರಡು ರಿಪೋರ್ಟು

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಸೆಲೆನಿಯಂ ಅನ್ನುವ ಖನಿಜದ ಬಗ್ಗೆಯೇ. ನಾಲ್ಕೈದು ವರ್ಷದ ಹಿಂದೆ ಈ ಹೆಸರು ಹೇಳಿದ್ದರೆ ನಮ್ಮ ಚಿಂತಾಮಣಿಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಫುಲ್ ಬಾಡಿ ಚೆಕಪ್ ಕಾಲ. ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರೆ, ಸಂಜೆಗೆ ಮೊಬೈಲಿಗೆ ಹದಿನೆಂಟು ಪುಟದ ರಿಪೋರ್ಟು ಬರುತ್ತದೆ, ಅದರಲ್ಲಿ ಯಾವುದೋ ಮೂಲೆಯಲ್ಲಿ ಒಂದು ಕೆಂಪು ಅಂಕಿ ಇರುತ್ತದೆ, ಆ ಕೆಂಪನ್ನು ಹಿಡಿದುಕೊಂಡು ಬೆಳಿಗ್ಗೆ ಎಂಟಕ್ಕೇ ಕ್ಲಿನಿಕ್ಕಿನ ಮುಂದೆ ನಿಂತಿರುತ್ತಾರೆ. ಹಾಗಾಗಿ ಈ ಸಲ ಮಂಡಿ ನೋವು, ಗ್ಯಾಸು ಎಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಬಿಡಿಸೋಣ ಅಂತ ಕೂತಿದ್ದೇನೆ.

ಪ್ರಶ್ನೆ: ಡಾಕ್ಟ್ರಮ್ಮ, ನನಗೆ 46 ವರ್ಷ. ಹೈಸ್ಕೂಲ್ ಮೇಷ್ಟ್ರು. ಯಾವ ಕಾಯಿಲೆಯೂ ಇಲ್ಲ. ಮನೆಯವಳ ಬಲವಂತಕ್ಕೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದೆವು. ನನ್ನ ಸೆಲೆನಿಯಂ 64, ಅವಳದು 92. ಒಂದೇ ಅಡುಗೆಮನೆ, ಒಂದೇ ಒಲೆ. ಅವಳಿಗೆ ಸಿಕ್ಕಿದ್ದು ನನಗ್ಯಾಕೆ ಸಿಗಲಿಲ್ಲ? ವ್ಯತ್ಯಾಸ ಅಂದರೆ ಅವಳು ರಾತ್ರಿ ಚಪಾತಿ, ದಿನಾ ಒಂದು ಮೊಟ್ಟೆ. ನಾನು ಎರಡು ಹೊತ್ತೂ ಮುದ್ದೆ, ನಮ್ಮ ಹೊಲದ ರಾಗಿಯೇ, ಮೊಟ್ಟೆ ಮುಟ್ಟುವುದಿಲ್ಲ. ದಿನಕ್ಕೆ ನಾಲ್ಕೈದು ಸಿಗರೇಟು ಇದೆ, ನಿಮ್ಮ ಹತ್ತಿರ ಸುಳ್ಳು ಯಾಕೆ. ಪರೀಕ್ಷೆಗೆ ಒಂದು ವಾರ ಮುಂಚೆ ಜ್ವರ ಬಂದು ಮಲಗಿದ್ದೆ. ಲ್ಯಾಬಿನಿಂದ ಫೋನ್ ಮಾಡಿದ ಹುಡುಗಿ ದಿನಾ 200 ಮೈಕ್ರೋಗ್ರಾಂ ಮಾತ್ರೆ ತಗೊಳ್ಳಿ ಅಂದಳು. ತಗೊಳ್ಳಲೇ? (ಹೆಸರು ಬೇಡ, ಶಿಡ್ಲಘಟ್ಟ)

ಉತ್ತರ: ಮೇಷ್ಟ್ರೇ, ಮಾತ್ರೆ ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆಗೆ ಉತ್ತರ ಮುಕ್ಕಾಲು ಪಾಲು ನಿಮ್ಮ ಕಾಗದದಲ್ಲೇ ಇದೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಾವು ಮಾತಾಡುತ್ತಿರುವುದು ಎಷ್ಟು ಅಂತ ಗೊತ್ತಿರಲಿ. ದೊಡ್ಡವರ ಇಡೀ ಮೈಯಲ್ಲಿ ಇರುವ ಸೆಲೆನಿಯಂ ಎಲ್ಲ ಸೇರಿಸಿದರೆ ಹತ್ತಿಪ್ಪತ್ತು ಮಿಲಿಗ್ರಾಂ. ಒಂದು ಅಕ್ಕಿ ಕಾಳಿನ ತೂಕ, ಅಷ್ಟೇ. ದಿನಕ್ಕೆ ಬೇಕಾಗುವುದು ನಮ್ಮ ಐಸಿಎಂಆರ್ ಲೆಕ್ಕದಲ್ಲಿ 40 ಮೈಕ್ರೋಗ್ರಾಂ, ಅಮೆರಿಕದವರ ಲೆಕ್ಕದಲ್ಲಿ 55. ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಚೂರು ಇಟ್ಟುಕೊಂಡು ಮೈ ಸುಮಾರು 25 ಬಗೆಯ ಪ್ರೋಟೀನು ಮಾಡಿಕೊಳ್ಳುತ್ತದೆ. ಕೆಲವು ಜೀವಕೋಶಕ್ಕೆ ತುಕ್ಕು ಹಿಡಿಯದ ಹಾಗೆ ಕಾಯುತ್ತವೆ, ಕೆಲವು ಥೈರಾಯ್ಡ್ ಹಾರ್ಮೋನನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತವೆ.

ಇದು ನಮಗೆ ಎಲ್ಲಿಂದ ಬರುತ್ತದೆ? ಮಣ್ಣಿನಿಂದ. ಬೆಳೆ ಯಾವುದು ಅನ್ನುವುದಕ್ಕಿಂತ ಯಾವ ಹೊಲದಲ್ಲಿ ಬೆಳೆಯಿತು ಅನ್ನುವುದು ದೊಡ್ಡ ವಿಷಯ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ಕಣ್ಣು ಮುಚ್ಚಿ ಹೇಳಬಹುದು, ಸೆಲೆನಿಯಂ ಇಷ್ಟೇ ಇದೆ ಅಂತ ಹಾಗೆ ಹೇಳಲಾಗುವುದಿಲ್ಲ. ಒಂದೇ ತಳಿಯ ಗೋಧಿ ಒಂದು ಊರಿನಲ್ಲಿ ಬೆಳೆದಾಗ ಇನ್ನೊಂದು ಊರಿನದಕ್ಕಿಂತ ಹತ್ತು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ ಸೆಲೆನಿಯಂ ಹೊತ್ತಿರುತ್ತದೆ.

ತಮಾಷೆ ಏನು ಗೊತ್ತಾ, ಪೈರಿಗೆ ಈ ಸೆಲೆನಿಯಂ ಬೇಕಾಗೇ ಇಲ್ಲ. ನೀವು ವಿಜ್ಞಾನ ಹೇಳಿಕೊಡುವವರಾದರೆ ಕ್ಲಾಸಿನ ಗೋಡೆಯ ಮೇಲೆ ಧಾತುಗಳ ಕೋಷ್ಟಕ ನೇತಾಡುತ್ತಿರಬೇಕು, ನೋಡಿ: ಗಂಧಕದ ಕೆಳಗಿನ ಮನೆಯೇ ಸೆಲೆನಿಯಂ. ಅಣ್ಣ ತಮ್ಮಂದಿರ ಹಾಗೆ, ಹೋಲಿಕೆ ಜಾಸ್ತಿ. ಬೇರು ಗಂಧಕ ಅಂದುಕೊಂಡು ಇದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮಣ್ಣಿನಲ್ಲಿ ಗಂಧಕ ಜಾಸ್ತಿಯಾದರೆ ಸೆಲೆನಿಯಂ ಒಳಗೆ ಹೋಗುವುದು ಕಡಿಮೆ, ಬಾಗಿಲಲ್ಲಿ ನೂಕುನುಗ್ಗಲು. ಕಡ್ಲೆಕಾಯಿ ಹೊಲಕ್ಕೆ ನಮ್ಮವರು ಜಿಪ್ಸಂ ಹಾಕುತ್ತಾರಲ್ಲ, ಅದರಲ್ಲಿರುವುದು ಗಂಧಕವೇ. ಪಂಜಾಬಿನಲ್ಲಿ ಸೆಲೆನಿಯಂ ವಿಪರೀತ ಇರುವ ಹೊಲಗಳಿಗೆ, ಪೈರಿಗೆ ಅದು ಏರದಿರಲಿ ಅಂತಲೇ ಜಿಪ್ಸಂ ಹಾಕುತ್ತಾರೆ. ಇನ್ನು ನಮ್ಮ ಕಡೆಯ ಕೆಂಪು ಮಣ್ಣು. ಆ ಕೆಂಪು ಕಬ್ಬಿಣದ್ದು. ಕಬ್ಬಿಣದ ಆಕ್ಸೈಡು ಸೆಲೆನಿಯಂನ ಒಂದು ರೂಪವನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತದೆ, ಮಣ್ಣು ಹುಳಿ ಇದ್ದಷ್ಟೂ ಹಿಡಿತ ಬಿಗಿ. ಮಣ್ಣಿನಲ್ಲಿ ಇದ್ದರೂ ಬೇರಿನ ಕೈಗೆ ಸಿಗುವುದಿಲ್ಲ. ಸವಳು ಕಡೆಗೆ ವಾಲಿದ, ಗಾಳಿಯಾಡುವ ಮಣ್ಣಿನಲ್ಲಿ ಸುಲಭವಾಗಿ ಸಿಗುತ್ತದೆ.

ಮಣ್ಣು ಮನುಷ್ಯನನ್ನು ಎಷ್ಟು ಆಡಿಸುತ್ತದೆ ಅನ್ನುವುದಕ್ಕೆ ಚೀನಾವನ್ನು ನೋಡಬೇಕು. ಈಶಾನ್ಯದ ಕೆಶಾನ್ ಅನ್ನುವ ಕಡೆ 1935ರಲ್ಲಿ ಒಂದು ವಿಚಿತ್ರ ಹೃದಯದ ಕಾಯಿಲೆ ಗುರುತಾಯಿತು. ಸಾಯುತ್ತಿದ್ದವರು ಹೆಚ್ಚಾಗಿ ಮಕ್ಕಳು, ಹೆರುವ ವಯಸ್ಸಿನ ಹೆಂಗಸರು. ಆ ಕಾಯಿಲೆ ಇದ್ದ ಪ್ರದೇಶದವರೆಲ್ಲ ತಮ್ಮ ಹೊಲದಲ್ಲಿ ಬೆಳೆದದ್ದನ್ನೇ ತಿನ್ನುತ್ತಿದ್ದವರು, ಆ ಹೊಲಗಳಲ್ಲಿ ಸೆಲೆನಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1970ರ ದಶಕದಲ್ಲಿ ಮಕ್ಕಳಿಗೆ ಸೆಲೆನಿಯಂ ಲವಣದ ಮಾತ್ರೆ ಕೊಟ್ಟಾಗ ಕಾಯಿಲೆ ಬರುವುದು ಇಳಿಯಿತು. ಆಮೇಲೆ ಅದರಲ್ಲಿ ಒಂದು ವೈರಸ್ಸಿನ ಕೈವಾಡವೂ ಇದೆ ಅಂತ ಗೊತ್ತಾಯಿತು. ಅದೇ ದೇಶದ ಎನ್ಶಿಯಲ್ಲಿ ಇದಕ್ಕೆ ಪೂರಾ ಉಲ್ಟಾ. ಅಲ್ಲಿನ ಕಲ್ಲಿದ್ದಲ ಬಂಡೆಯಿಂದ ಸೆಲೆನಿಯಂ ಹೊಲಕ್ಕೆ ಇಳಿದು, 1960ರ ದಶಕದಲ್ಲಿ ಜನರ ಕೂದಲು, ಉಗುರು ಕಳಚಿ ಬೀಳತೊಡಗಿದವು. ಕೆಶಾನ್ ಕಾಯಿಲೆಯ ಊರುಗಳಲ್ಲಿ ರಕ್ತದ ಸೆಲೆನಿಯಂ ಲೀಟರಿಗೆ ಸುಮಾರು 20 ಮೈಕ್ರೋಗ್ರಾಂ, ಎನ್ಶಿಯಲ್ಲಿ 3000ದ ಮೇಲೆ. ನಿಮ್ಮದು 64. ಈಗ ಸ್ವಲ್ಪ ಉಸಿರು ಬಿಡಿ.

ಈಗ ನಿಮ್ಮ ಮನೆಯವರ ಚಪಾತಿಗೆ ಬರೋಣ. ನಿಮ್ಮ ಮುದ್ದೆ ನಿಮ್ಮ ಹೊಲದ ಮಣ್ಣಿನದು. ಅವರ ಚಪಾತಿ ನಮ್ಮ ಜಿಲ್ಲೆಯದಲ್ಲ. ಗೋಧಿ ನಮ್ಮಲ್ಲಿ ಎಲ್ಲಿ ಬೆಳೆಯುತ್ತಾರೆ ಹೇಳಿ? ಪಂಜಾಬೋ, ಹರಿಯಾಣವೋ, ಮಧ್ಯಪ್ರದೇಶವೋ, ಲಾರಿ ಹತ್ತಿ ಬಂದದ್ದು. ಅಂದರೆ ನೀವು ಶಿಡ್ಲಘಟ್ಟದ ನೆಲ ತಿನ್ನುತ್ತಿದ್ದೀರಿ, ಪಕ್ಕದಲ್ಲಿ ಕೂತು ಅವರು ಉತ್ತರದ ನೆಲ ತಿನ್ನುತ್ತಿದ್ದಾರೆ. ಇದು ಬರೀ ನಿಮ್ಮ ಮನೆ ಕಥೆಯಲ್ಲ. ಇಂಗ್ಲೆಂಡಿನವರು ಮೊದಲು ಅಮೆರಿಕ, ಕೆನಡಾದ ಗೋಧಿ ತರಿಸುತ್ತಿದ್ದರು, ಆಮೇಲೆ ಯುರೋಪಿನ ಗೋಧಿಗೆ ಇಳಿದರು, ಬ್ರೆಡ್ಡು ಅದೇ ಬ್ರೆಡ್ಡು, ಆದರೆ ಜನರ ಮೈ ಸೇರುವ ಸೆಲೆನಿಯಂ ಇಳಿದುಹೋಯಿತು. ಫಿನ್ಲೆಂಡಿನವರು ಬೇರೆ ದಾರಿ ಹಿಡಿದರು. ತಮ್ಮ ಮಣ್ಣಿನಲ್ಲಿ ಸಾಲದು ಅಂತ ಗೊತ್ತಾಗಿ 1984ರಲ್ಲಿ ರಸಗೊಬ್ಬರಕ್ಕೇ ಸೆಲೆನಿಯಂ ಸೇರಿಸುವ ತೀರ್ಮಾನ ಮಾಡಿದರು. ಕೆಲವೇ ವರ್ಷದಲ್ಲಿ ಇಡೀ ದೇಶದ ಜನರ ರಕ್ತದಲ್ಲಿ ಅದು ಏರಿತು, ಮಾತ್ರೆಯಿಂದಲ್ಲ, ಊಟದಿಂದಲೇ.

ಮೊಟ್ಟೆ ಇನ್ನೊಂದು ಕಾರಣ. ಒಂದು ಮೊಟ್ಟೆಯಲ್ಲಿ ಸುಮಾರು 15 ಮೈಕ್ರೋಗ್ರಾಂ ಇರುತ್ತದೆ, ಕೋಳಿ ತಿಂದದ್ದರ ಮೇಲೆ ಹೆಚ್ಚುಕಮ್ಮಿ. ಫಾರಂ ಕೋಳಿಯ ಮೇವಿಗೆ ಖನಿಜದ ಪುಡಿ ಬೆರೆಸುತ್ತಾರೆ, ಅದರಲ್ಲಿ ಸೆಲೆನಿಯಂ ಇರುತ್ತದೆ. ಹಾಗಾಗಿ ಊರ ಮಣ್ಣು ಹೇಗೇ ಇರಲಿ, ಮೊಟ್ಟೆ, ಕೋಳಿ ತಿನ್ನುವವರಿಗೆ ಅಷ್ಟು ತೊಂದರೆಯಿಲ್ಲ. ಮೀನು ತಿನ್ನುವವರಂತೂ ನಿಶ್ಚಿಂತರು, ಸಮುದ್ರದ ಮೀನಿನಲ್ಲಿ ಚೆನ್ನಾಗಿಯೇ ಇದೆ.

ಇಷ್ಟು ತಟ್ಟೆಯ ವಿಷಯ. ಮೈಯೊಳಗೆ ಹೋದ ಮೇಲೆ ಬೇರೆ ಲೆಕ್ಕ. ನಿಮ್ಮ ಜ್ವರ ಇಲ್ಲಿ ಬರುತ್ತದೆ. ಲಿವರ್ ಒಂದು ಪ್ರೋಟೀನು ಮಾಡಿ ಅದರ ಮೇಲೆ ಸೆಲೆನಿಯಂ ಹೊರಿಸಿ ರಕ್ತಕ್ಕೆ ಬಿಡುತ್ತದೆ. ರಕ್ತದ ನೀರಿನಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಇರುವ ಸೆಲೆನಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಇದರ ಮೇಲೇ ಕೂತಿರುತ್ತದೆ. ಜ್ವರ, ಸೋಂಕು, ಆಪರೇಷನ್ನು, ಏನೇ ಉರಿಯೂತ ಬಂದರೂ ಲಿವರ್ ಇದನ್ನು ಮಾಡುವುದು ಕಡಿಮೆ ಮಾಡುತ್ತದೆ. ಆಗ ರಕ್ತದಲ್ಲಿ ಅಂಕಿ ಬೀಳುತ್ತದೆ, ಮೈಯಲ್ಲಿ ಸೆಲೆನಿಯಂ ಖಾಲಿಯಾಗದೇ ಇದ್ದರೂ. ಜ್ವರದಿಂದ ಎದ್ದ ವಾರಕ್ಕೇ ಸೆಲೆನಿಯಂ ನೋಡುವುದು ಅಂದರೆ ಸಂತೆ ಮುಗಿದ ಮೇಲೆ ಹೋಗಿ ಊರಲ್ಲಿ ತರಕಾರಿಯೇ ಬೆಳೆಯಲ್ಲ ಅಂದ ಹಾಗೆ. ಸಿಗರೇಟು ಸೇದುವವರಲ್ಲೂ ಸೇದದವರಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ದಿನಾ ಕುಡಿಯುವವರಲ್ಲಿ ಲಿವರ್ ಸೋತಷ್ಟೂ ಕಡಿಮೆ. ಬಸುರಿಯರಲ್ಲಿ ರಕ್ತದ ನೀರು ಹೆಚ್ಚಿ, ಮಗುವಿಗೂ ಹೋಗಿ, ಅಂಕಿ ಇಳಿಯುತ್ತದೆ. ವಯಸ್ಸಾದಂತೆ ಸ್ವಲ್ಪ ಇಳಿಯುತ್ತದೆ. ಹುಟ್ಟಿನಿಂದ ಬಂದ ಜೀನುಗಳ ವ್ಯತ್ಯಾಸವೂ ಇದೆ, ಅಷ್ಟೇ ತಿಂದರೂ ಒಬ್ಬರಲ್ಲಿ ಒಂದು ಥರ.

ಒಂದು ಸಮಾಧಾನದ ವಿಷಯ ಹೇಳಲಾ? ಕಡಿಮೆ ಬಂದಾಗ ಮೈ ತಾನೇ ಹಿಡಿತ ಮಾಡುತ್ತದೆ. ಮೂತ್ರದಲ್ಲಿ ಹೊರಗೆ ಬಿಡುವುದನ್ನು ಕಡಿಮೆ ಮಾಡುತ್ತದೆ. ಇದ್ದದ್ದರಲ್ಲಿ ಮೊದಲು ಮೆದುಳಿಗೆ, ಥೈರಾಯ್ಡಿಗೆ ಕೊಡುತ್ತದೆ, ಲಿವರು, ಸ್ನಾಯುಗಳಿಗೆ ಆಮೇಲೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ನಮ್ಮ ಬೀದಿಯ ಹೆಂಗಸರು ಮೊದಲು ಕುಡಿಯುವ ನೀರಿನ ಕೊಡ ತುಂಬಿಸಿಕೊಳ್ಳುತ್ತಾರೆ, ಪಾತ್ರೆಗೆ, ಬಟ್ಟೆಗೆ ಮಿಕ್ಕರೆ ಉಂಟು. ಅದೇ ಬುದ್ಧಿ.

ನೀವು ಮಾಡಬೇಕಾದದ್ದು ಇಷ್ಟು. ರಾತ್ರಿ ಮುದ್ದೆ ಬದಲು ವಾರದಲ್ಲಿ ಮೂರ್ನಾಲ್ಕು ದಿನ ಚಪಾತಿ. ಜೊತೆಗೆ ಕಾಳು, ಮೊಸರು. ಮೊಟ್ಟೆ ಬೇಡ ಅಂದರೆ ಬೇಡ, ಬಲವಂತವಿಲ್ಲ. ಸಿಗರೇಟು ಬಿಡಿ, ಸೆಲೆನಿಯಂಗೆ ಅಂತ ಅಲ್ಲ, ಅದಕ್ಕಿಂತ ದೊಡ್ಡ ಕಾರಣಗಳಿಗೆ. ಮೂರು ತಿಂಗಳಾದ ಮೇಲೆ, ನೆಗಡಿ ಜ್ವರ ಏನೂ ಇಲ್ಲದಾಗ, ಅದೇ ಲ್ಯಾಬಿನಲ್ಲಿ ಇನ್ನೊಂದು ಸಲ ನೋಡಿಸಿ. ಆಗಲೂ ಕಡಿಮೆ ಇದ್ದರೆ ಕಾಗದ ಬರೆಯಿರಿ. ಫೋನ್ ಮಾಡಿದ ಹುಡುಗಿ ನಿಮಗೆ ಜ್ವರ ಬಂದಿತ್ತಾ ಅಂತ ಕೇಳಿದಳಾ? ಕೇಳಿರಲಾರಳು.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ಸೆಲೆನಿಯಂ ಬರೀ 1.1 ಅಂತ ಬಂದಿದೆ. ನನ್ನ ನಾದಿನಿಗೆ 85 ಇದೆ. ಗಾಬರಿಯಾಗಿ ಎರಡು ರಾತ್ರಿ ನಿದ್ದೆ ಬಂದಿಲ್ಲ. (ಗೃಹಿಣಿ, ಮಾಲೂರು)

ಉತ್ತರ: ನಿದ್ದೆ ಮಾಡಿ ತಾಯಿ. ನಿಮ್ಮದೇ ಸ್ವಲ್ಪ ಜಾಸ್ತಿ. ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ ಮೈಕ್ರೋಮೋಲ್ ಅಂತ ಇರಬೇಕು ನೋಡಿ. ಕೆಲವು ಲ್ಯಾಬು ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಅಂತ ಕೊಡುತ್ತವೆ, ಕೆಲವು ಮೈಕ್ರೋಮೋಲ್‌ನಲ್ಲಿ. ಎರಡನೆಯದನ್ನು 79ರಿಂದ ಗುಣಿಸಿದರೆ ಮೊದಲನೆಯದು. ನಿಮ್ಮ 1.1 ಅಂದರೆ ಸುಮಾರು 87.

ನಾನೂ ಈ ಗುಂಡಿಗೆ ಬಿದ್ದವಳೇ. ನನ್ನ ಅತ್ತೆಗೆ ಒಂದು ಲ್ಯಾಬಿನಲ್ಲಿ ನೋಡಿಸಿದಾಗ 0.95 ಅಂತ ಬಂತು. ಲ್ಯಾಬಿನವರು ಅಂಕಿ ಮೈಕ್ರೋಮೋಲ್‌ನಲ್ಲಿ ಹಾಕಿ, ಪಕ್ಕದ ಸಾಲಿನಲ್ಲಿ ಮಾಮೂಲಿ ಮಟ್ಟವನ್ನು ಮೈಕ್ರೋಗ್ರಾಂನಲ್ಲಿ ಅಚ್ಚು ಹಾಕಿದ್ದರು. ಮೂವತ್ತು ವರ್ಷ ರಿಪೋರ್ಟು ನೋಡಿದವಳು, ಆ ಕ್ಷಣ ಕೈ ತಣ್ಣಗಾಯಿತು. ಅತ್ತೆ ಎದುರಿಗೇ ಕೂತು ಹಿದುಕಿದವರೆ ಮಾಡುವುದಕ್ಕೆ ಕಾಳು ಹಿದುಕುತ್ತಾ, ಬೆರಳಿಗೆ ಅಂಟಿದ ಸಿಪ್ಪೆ ಸೆರಗಿಗೆ ಒರೆಸಿಕೊಂಡು, 'ಸಾಯೋಳ ಥರ ಕಾಣ್ತೀನಾ?' ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. 75.

ಇದರ ಜೊತೆ ಇನ್ನೊಂದು ವಿಷಯ. ಪ್ಲಾಸ್ಮಾದ ಅಂಕಿ ಹೇಳುವುದು ಮೊನ್ನೆ ಮೊನ್ನೆ ತಿಂದದ್ದನ್ನು. ಇಡೀ ರಕ್ತದಲ್ಲಿ ನೋಡಿದರೆ ಮೂರ್ನಾಲ್ಕು ತಿಂಗಳ ಕಥೆ ಗೊತ್ತಾಗುತ್ತದೆ, ಯಾಕೆಂದರೆ ಕೆಂಪು ಕಣ ಬದುಕುವುದು ಸುಮಾರು 120 ದಿನ. ಕಾಲಿನ ಉಗುರು ಕತ್ತರಿಸಿ ಪರೀಕ್ಷೆ ಮಾಡಿದರೆ ಆರು ತಿಂಗಳಿಂದ ಒಂದು ವರ್ಷದ ಹಿಂದಿನದು. ಪ್ಲಾಸ್ಮಾಕ್ಕೂ ಇಡೀ ರಕ್ತಕ್ಕೂ ಅಂಕಿ ಬೇರೆ ಬೇರೆ. ಅತ್ತಿಗೆ ನಾದಿನಿ ರಿಪೋರ್ಟು ಅಕ್ಕಪಕ್ಕ ಇಟ್ಟು ಜಗಳ ಆಡುವ ಮುಂಚೆ ಎರಡೂ ಒಂದೇ ಪರೀಕ್ಷೆಯಾ ಅಂತ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಪೂರ್ತಿ ಸಸ್ಯಾಹಾರಿ ಮನೆ, ಮೊಟ್ಟೆಯೂ ಇಲ್ಲ. ರಾಗಿ, ಅನ್ನ, ಕಾಯಿ, ಮಜ್ಜಿಗೆ. ನಮಗೆ ಸೆಲೆನಿಯಂ ಸಿಗುವುದಾದರೂ ಎಲ್ಲಿಂದ? ಮಗ ಆನ್‌ಲೈನಲ್ಲಿ ಬ್ರೆಜಿಲ್ ನಟ್ ತರಿಸಿದ್ದಾನೆ, ಗೋಡಂಬಿ ಥರ ತಿನ್ನಬಹುದಾ? (ನಿವೃತ್ತ ನೌಕರರು, ತಿಪಟೂರು)

ಉತ್ತರ: ಬೇಕಾಗಿರುವುದು ದಿನಕ್ಕೆ 40 ಮೈಕ್ರೋಗ್ರಾಂ. ಒಂದೇ ಧಾನ್ಯಕ್ಕೆ ಜೋತು ಬೀಳದಿದ್ದರೆ ಅದು ಸಿಗುತ್ತದೆ. ಸೆಲೆನಿಯಂ ಧಾನ್ಯದ ಪ್ರೋಟೀನಿನಲ್ಲಿ ಕೂತಿರುತ್ತದೆ, ಹಾಗಾಗಿ ಪ್ರೋಟೀನು ಜಾಸ್ತಿ ಇರುವ ಗೋಧಿಯಲ್ಲಿ ಅಕ್ಕಿಗಿಂತ ಸಾಮಾನ್ಯವಾಗಿ ಹೆಚ್ಚು. ಹುರುಳಿ, ಅವರೆ, ತೊಗರಿಯಲ್ಲೂ ಬರುತ್ತದೆ, ಹಾಲು ಮೊಸರಿನಲ್ಲೂ ಬರುತ್ತದೆ, ನಿಮ್ಮ ಊರ ಕೊಬ್ಬರಿಯಲ್ಲೂ ಸ್ವಲ್ಪ ಇದೆ. ತರಕಾರಿ, ಹಣ್ಣಿನಲ್ಲಿ ನೀರೇ ಜಾಸ್ತಿ, ಅವುಗಳಿಂದ ದೊಡ್ಡದಾಗಿ ಏನೂ ಬರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಕೋಸು, ಸಾಸಿವೆ ಜಾತಿಯವು ಮಣ್ಣಿನಲ್ಲಿ ಸೆಲೆನಿಯಂ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತವೆ. ಇದ್ದರೆ.

ಸಸ್ಯಾಹಾರಿಗಳಿಗೆ ಒಂದು ಅನುಕೂಲವೂ ಇದೆ. ಧಾನ್ಯದಲ್ಲಿ ಇದು ಹೆಚ್ಚಾಗಿ ಸೆಲೆನೋಮೆಥಿಯೋನಿನ್ ಅನ್ನುವ ರೂಪದಲ್ಲಿರುತ್ತದೆ, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಮೈಗೆ ಹಿಡಿಯುತ್ತದೆ. ಮೈಗೆ ಇದು ಮಾಮೂಲಿ ಮೆಥಿಯೋನಿನ್ ಥರವೇ ಕಾಣುತ್ತದೆ, ಅದರ ಜಾಗದಲ್ಲಿ ಸ್ನಾಯುವಿನ ಪ್ರೋಟೀನಿಗೆ ಸೇರಿಸಿಕೊಂಡುಬಿಡುತ್ತದೆ. ಕಣಜದಲ್ಲಿ ತುಂಬಿಟ್ಟ ಹಾಗೆ, ಬೇಕಾದಾಗ ನಿಧಾನಕ್ಕೆ ಈಚೆ ಬರುತ್ತದೆ. ಅಗ್ಗದ ಮಾತ್ರೆಗಳಲ್ಲಿರುವ ಸೋಡಿಯಂ ಸೆಲೆನೈಟ್‌ಗೆ ಹೀಗೆ ಕಣಜ ಸೇರುವ ಯೋಗವಿಲ್ಲ.

ಬ್ರೆಜಿಲ್ ನಟ್ ಅಂತ ಕೇಳಿದಿರಿ. ಗೋಡಂಬಿ ಥರ ಖಂಡಿತ ತಿನ್ನಬೇಡಿ! ಒಂದೇ ಒಂದು ಕಾಯಿಯಲ್ಲಿ 50ರಿಂದ 90 ಮೈಕ್ರೋಗ್ರಾಂ ಇರಬಹುದು. ಅಮೆಜಾನ್ ಕಾಡಿನ ಯಾವ ಮೂಲೆಯ ಮರದ್ದು ಅನ್ನುವುದರ ಮೇಲೆ ಅದೂ ಏರುಪೇರು. ಟಿವಿ ನೋಡುತ್ತಾ ಒಂದು ಬೊಗಸೆ ಖಾಲಿ ಮಾಡಿದರೆ ಎರಡು ಮೂರು ವಾರಕ್ಕೆ ಬೇಕಾದದ್ದು ಒಂದೇ ಸಂಜೆಗೆ ಒಳಗೆ ಹೋಯಿತು. ಮಗ ಪ್ರೀತಿಯಿಂದ ತರಿಸಿದ್ದಾನೆ, ದುಡ್ಡು ಬೇರೆ ಕೊಟ್ಟಿದ್ದಾನೆ, ಎರಡು ದಿನಕ್ಕೊಂದು ತಿನ್ನಿ. ಮುಗಿದ ಮೇಲೆ ಮತ್ತೆ ತರಿಸಲೇಬೇಕು ಅಂತೇನಿಲ್ಲ.

ಪ್ರಶ್ನೆ: ವಯಸ್ಸು 23. ಜಿಮ್‌ಗೆ ಹೋಗ್ತೀನಿ. ಕೂದಲು ಉದುರುತ್ತೆ ಅಂತ ಸೆಲೆನಿಯಂ ಮಾತ್ರೆ ಶುರು ಮಾಡಿದೆ. ಎರಡು ತಿಂಗಳಾಯ್ತು, ಇನ್ನೂ ಜಾಸ್ತಿ ಉದುರುತ್ತಿದೆ. ಡೋಸ್ ಏರಿಸಬೇಕಾ ಅಕ್ಕ? (ಹೆಸರು ಬೇಡ, ಕೋಲಾರ)

ಉತ್ತರ: ಏರಿಸಬೇಡಪ್ಪ, ಇವತ್ತೇ ನಿಲ್ಲಿಸು.

ಹೋದ ವರ್ಷ ನಿನ್ನ ವಯಸ್ಸಿನವನೇ ಒಬ್ಬ ಬಂದಿದ್ದ. ಎದುರಿನ ಸ್ಟೂಲಿನಲ್ಲಿ ಕೂತು ಬಾಯಿ ತೆಗೆದ, ಬೆಳ್ಳುಳ್ಳಿ ವಾಸನೆ ಗಮ್ ಅಂತ. ಬೆಳ್ಳುಳ್ಳಿ ತಿಂದೆಯಾ ಅಂದರೆ ಮೂರು ದಿನದಿಂದ ಮುಟ್ಟಿಲ್ಲ ಅಂದ. ಕೈ ಚಾಚು ಅಂದೆ. ಉಗುರಿಗೆ ಅಡ್ಡಡ್ಡ ಬಿಳಿ ಗೆರೆ, ಹೆಬ್ಬೆರಳಿನ ಉಗುರು ತುದಿಯಲ್ಲಿ ಪದರ ಎದ್ದು ಅಂಗಿಯ ದಾರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಏನೇನು ತಗೊಳ್ತೀಯೋ ಎಲ್ಲಾ ತಗೊಂಡು ಬಾ ಅಂತ ಕಳಿಸಿದೆ. ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಡಬ್ಬ ತಂದ. ಮಲ್ಟಿವಿಟಮಿನ್ನು, ಅದರಲ್ಲಿ 40. ಕೂದಲಿಗೆ ಅಂತ ಒಂದು, ಅದರಲ್ಲಿ 100. ಬರೀ ಸೆಲೆನಿಯಂದು ಒಂದು, ಅದರಲ್ಲಿ 200. ಕೂದಲು ಬೇಗ ಬರಲಿ ಅಂತ ಈ ಕೊನೆಯದನ್ನು ದಿನಕ್ಕೆ ನಾಲ್ಕು ನುಂಗುತ್ತಿದ್ದ. ಮೂರೂ ಡಬ್ಬದ ಮೇಲೆ ಕೂದಲು ಹಾರಾಡುವ ಚಿತ್ರ. ಕೂಡಿಸಿದೆ: ದಿನಕ್ಕೆ 940 ಮೈಕ್ರೋಗ್ರಾಂ, ಊಟದ್ದು ಬಿಟ್ಟು.

ಸೆಲೆನಿಯಂ ಜಾಸ್ತಿಯಾದರೆ ಮೈ ಅದನ್ನು ಗಾಳಿಯ ರೂಪಕ್ಕೆ ತಿರುಗಿಸಿ ಉಸಿರಿನಲ್ಲಿ ಹೊರಗೆ ಹಾಕುತ್ತದೆ, ಬೆಳ್ಳುಳ್ಳಿ ವಾಸನೆ ಅದೇ. ಆಮೇಲೆ ಕೂದಲು, ಉಗುರು. ಅಂದರೆ ಕಡಿಮೆ ಅಂದುಕೊಂಡು ನುಂಗಿದ್ದು ತಾನೇ ಕೂದಲು ಉದುರಿಸುತ್ತದೆ, ಉದುರಿತು ಅಂತ ಇನ್ನೂ ನುಂಗುತ್ತಾರೆ. ಈ ಖನಿಜದ ಕಷ್ಟವೇ ಇದು, ಸಾಕು ಅನ್ನುವುದಕ್ಕೂ ಜಾಸ್ತಿ ಅನ್ನುವುದಕ್ಕೂ ನಡುವೆ ಜಾಗ ಕಡಿಮೆ. ದಿನಕ್ಕೆ 400 ದಾಟಬಾರದು ಅಂತ ಅಮೆರಿಕದವರು ಹೇಳುತ್ತಾರೆ, ಯುರೋಪಿನವರು 2023ರಲ್ಲಿ ತಮ್ಮ ಮಿತಿಯನ್ನು 300ರಿಂದ 255ಕ್ಕೆ ಇಳಿಸಿದರು, ಊಟ ಮಾತ್ರೆ ಎಲ್ಲ ಸೇರಿ. ಇಳಿಸುವುದಕ್ಕೆ ಆಧಾರ ಮಾಡಿಕೊಂಡದ್ದು ಕೂದಲು ಉದುರುವುದನ್ನೇ. ಅಮೆರಿಕದಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು, ದಿನಾ 200 ಮೈಕ್ರೋಗ್ರಾಂ ಕೊಟ್ಟರೆ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದಾ ಅಂತ. 2008ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು, ಉಪಯೋಗ ಏನೂ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಸೆಲೆನಿಯಂ ಸಾಕಷ್ಟಿತ್ತು. ಅದೇ 2008ರಲ್ಲಿ ಅಲ್ಲೇ ಒಂದು ಟಾನಿಕ್ ತಯಾರಿಸುವಾಗ ತಪ್ಪಾಗಿ, ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿ, 201 ಜನ ಕೂದಲು ಉದುರಿ, ಭೇದಿಯಾಗಿ, ಕೀಲು ನೋವು ಬಂದು ನರಳಿದರು.

ದೂರ ಯಾಕೆ, ನಮ್ಮ ದೇಶದಲ್ಲೇ ಪಂಜಾಬಿನ ನವಾನ್‌ಶಹರ್ (ಈಗಿನ ಹೆಸರು ಶಹೀದ್ ಭಗತ್ ಸಿಂಗ್ ನಗರ), ಹೋಶಿಯಾರ್‌ಪುರ ಜಿಲ್ಲೆಗಳ ಕೆಲವು ಊರುಗಳಲ್ಲಿ ಶಿವಾಲಿಕ್ ಬೆಟ್ಟದಿಂದ ನೀರು ಹೊತ್ತು ತಂದ ಮಣ್ಣಿನಲ್ಲೇ ಸೆಲೆನಿಯಂ ವಿಪರೀತ. ಅಲ್ಲಿ ಎಮ್ಮೆಗಳ ಗೊರಸು ಬಿರಿದು ಕಳಚುತ್ತದೆ, ಜನರಿಗೂ ಉಗುರು ಕೂದಲಿನ ತೊಂದರೆ ಕಂಡಿದೆ.

ನಿನ್ನ ಕೂದಲಿಗೆ ಮೊದಲು ಕಬ್ಬಿಣ, ಥೈರಾಯ್ಡ್ ನೋಡಿಸು, ನಿದ್ದೆ ಎಷ್ಟು ಮಾಡುತ್ತೀಯ ಅಂತಲೂ ಯೋಚಿಸು. ಆ ಹುಡುಗನಿಗೆ ಮಾತ್ರೆ ನಿಲ್ಲಿಸಿ ಎರಡು ವಾರಕ್ಕೆ ವಾಸನೆ ಹೋಯಿತು. ಉಗುರು ಬೆಳೆದು ಬಿಳಿ ಗೆರೆ ತುದಿಗೆ ಬರುವುದಕ್ಕೆ ನಾಲ್ಕೈದು ತಿಂಗಳು ಬೇಕಾಯಿತು.

ಪ್ರಶ್ನೆ: ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಫ್ಲೋರೈಡ್ ಬರುವುದು ಗೊತ್ತು. ಸೆಲೆನಿಯಂ ಕೂಡ ನೀರಿನಲ್ಲಿ ಬಂದು ಮೈ ಸೇರುತ್ತದಾ? (ರೈತರು, ಪಾವಗಡ)

ಉತ್ತರ: ನೀರಿನಿಂದ ಬರುವುದು ಸಾಮಾನ್ಯವಾಗಿ ತೀರಾ ಕಡಿಮೆ. ಕುಡಿಯುವ ನೀರಿಗೆ ನಮ್ಮ ದೇಶದ ಬಿಐಎಸ್, ಅದೇ ಐಎಸ್ಐ ಮಾರ್ಕು ಕೊಡುವ ಸಂಸ್ಥೆ, ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಮಿತಿಯ ತುದಿಯಲ್ಲೇ ಇದ್ದರೂ ಮೂರು ಲೀಟರ್ ಕುಡಿದರೆ 30 ಆಯಿತು, ಅಪಾಯವೇನಿಲ್ಲ. ಶುದ್ಧ ನೀರಿನ ಘಟಕದ ಆರ್‌ಒ ಅದನ್ನೂ ತೆಗೆದುಬಿಡುತ್ತದೆ. ನಿಮ್ಮ ಊರಿಗೆ ಫ್ಲೋರೈಡೇ ದೊಡ್ಡ ತಲೆನೋವು, ಪರೀಕ್ಷೆಗೆ ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ.

ಪ್ರಶ್ನೆ: ತಲೆಹೊಟ್ಟಿನ ಶಾಂಪೂ ಬಾಟಲಿಯ ಮೇಲೆ ಸೆಲೆನಿಯಂ ಸಲ್ಫೈಡ್ ಅಂತ ಬರೆದಿದೆ. ಅದು ರಕ್ತಕ್ಕೆ ಹೋಗುತ್ತದಾ? (ವಿದ್ಯಾರ್ಥಿನಿ, ತುಮಕೂರು)

ಉತ್ತರ: ಗಾಯವಿಲ್ಲದ ಚರ್ಮದಿಂದ ಒಳಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಹೇಳಿದಷ್ಟು ಹೊತ್ತು ಬಿಟ್ಟು ಚೆನ್ನಾಗಿ ತೊಳೆದುಕೋ, ಸಾಕು. ಆದರೆ ಯಾರಾದರೂ ಕೂದಲು ಕತ್ತರಿಸಿ ಅದರಲ್ಲಿ ಸೆಲೆನಿಯಂ ನೋಡುತ್ತೇವೆ ಅಂದರೆ ಈ ಶಾಂಪೂ ವಿಷಯ ಮೊದಲೇ ಹೇಳು. ಇಲ್ಲದಿದ್ದರೆ ಅಂಕಿ ಆಕಾಶಕ್ಕೆ ಏರಿರುತ್ತದೆ, ಅದು ನಿನ್ನ ಮೈಯದಲ್ಲ, ಬಚ್ಚಲಮನೆಯದು.

ಪ್ರಶ್ನೆ: ನಾಲ್ಕು ಸೀಮೆ ಹಸು ಇಟ್ಟುಕೊಂಡಿದ್ದೇನೆ, ಡೈರಿಗೆ ಹಾಲು ಹಾಕುತ್ತೇನೆ. ಹಸುವಿಗೆ ಕೊಡುವ ಮಿನರಲ್ ಮಿಕ್ಸ್ಚರ್ ಪಾಕೆಟ್ಟಿನ ಮೇಲೆ ಸೆಲೆನಿಯಂ ಅಂತ ಇದೆ. ಅದು ಹಾಲಿಗೆ ಬಂದು ನಮಗೂ ಸಿಗುತ್ತದಾ? ಸಿಗುವುದಾದರೆ ಎರಡು ಚಮಚ ಜಾಸ್ತಿ ಹಾಕಲೇ? (ಗೌರಿಬಿದನೂರು)

ಉತ್ತರ: ಸಿಗುತ್ತದೆ ಅಣ್ಣ, ಆದರೆ ಪಾಕೆಟ್ಟಿನಲ್ಲಿರುವುದು ಯಾವ ರೂಪ ಅನ್ನುವುದರ ಮೇಲೆ. ಸೋಡಿಯಂ ಸೆಲೆನೈಟ್ ಆದರೆ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳೇ ಅದರಲ್ಲಿ ತುಂಬ ಪಾಲನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತವೆ, ಹಾಲಿಗೆ ಬರುವುದು ಸ್ವಲ್ಪ. ಯೀಸ್ಟಿನಲ್ಲಿ ಬೆಳೆಸಿದ ಸೆಲೆನಿಯಂ ಆದರೆ ಹಾಲಿಗೆ ಚೆನ್ನಾಗಿ ಇಳಿಯುತ್ತದೆ. ಎರಡು ಚಮಚ ಜಾಸ್ತಿ ಮಾತ್ರ ಹಾಕಬೇಡಿ. ಪಂಜಾಬಿನ ಎಮ್ಮೆ ಗೊರಸಿನ ಕಥೆ ಮೇಲೆ ಹೇಳಿದ್ದೇನೆ, ಓದಿಕೊಳ್ಳಿ. ಕಡಿಮೆಯಾದರೂ ಕಷ್ಟವೇ, ಹುಟ್ಟಿದ ಕರು ಎದ್ದು ನಿಲ್ಲಲಾರದೆ ಕಾಲು ಸೆಟೆದು ಮಲಗಿಬಿಡುವ ಒಂದು ಸ್ನಾಯು ಕಾಯಿಲೆ ಬರುತ್ತದೆ, ಅದಕ್ಕೆ ಪಶುವೈದ್ಯರು ಸೆಲೆನಿಯಂ, ವಿಟಮಿನ್ ಇ ಸೇರಿದ ಇಂಜೆಕ್ಷನ್ ಕೊಡುತ್ತಾರೆ. ಪಾಕೆಟ್ಟಿನ ಮೇಲೆ ಎಷ್ಟು ಗ್ರಾಂ ಅಂತ ಬರೆದಿದೆಯೋ ಅಷ್ಟೇ ಹಾಕಿ, ಹಿಂಡಿಯಲ್ಲಿ ಚೆನ್ನಾಗಿ ಕಲಸಿ. ಮತ್ತೆ, ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ, ಹೊಡೆದು ಹಾಕಿದರೂ ಓದುವ ಹಾಗೇ ಇತ್ತು. ಆ ಪುಡಿಯನ್ನು ಮನುಷ್ಯರು ಮಜ್ಜಿಗೆಯಲ್ಲಿ ಕದಡಿಕೊಂಡು ಕುಡಿಯುವ ಹಾಗಿಲ್ಲ.